ಡಬ್ಬಿಯ ಮಾತನ್ನೂ ನಂಬದವರು

ಮೊನ್ನೆ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಫೋನು ಬಂತು. ಮಾತಾಡಿದವನು ಶಿರಗುಪ್ಪಿಯ ಡ್ರೈವರ. ಅವನ ದನಿ ಕೇಳಿ ಎಷ್ಟೋ ವರ್ಷವಾಗಿತ್ತು.

"ಸಾಹೇಬ್ರ, ಕಾಕಾ ಹೋದ್ರರಿ. ನಸುಕಿನ್ಯಾಗ."

"ಯಾರು ಅಂದ್ರು?" ಎಂದುಬಿಟ್ಟೆ.

"ಯಾರು ಅನ್ನೂದೇನ್ರಿ, ನಾ ಇಲ್ಲೇ ಅವರ ಮನ್ಯಾಗ ಅದೀನಿ," ಎಂದು ಅವನು ಅತ್ತುಬಿಟ್ಟ.

ಸಾವಿನ ಸುದ್ದಿ ಹೇಳಿದವನಿಗೆ ಹೀಗೆ ಕೇಳುತ್ತಾರೇನ್ರಿ ಎಂದು ನನ್ನ ಹೆಂಡತಿ ಬೈದಳು. ಬೈಯಲಿ. ಆ ಪ್ರಶ್ನೆ ನನ್ನದಲ್ಲ, ಸತ್ತವರದು. ಅವರ ಜೊತೆ ನಾಲ್ಕು ವರ್ಷ ಕೆಲಸ ಮಾಡಿ ನನಗೆ ಅಂಟಿಕೊಂಡ ಚಾಳಿ ಅದು. ನಾನೂ ಮೊದಲಿನಿಂದ ಸಂಶಯದ ಮನುಷ್ಯನೇ. ಆದರೆ ನನ್ನದು ಮನುಷ್ಯರ ಮೇಲಿನ ಸಂಶಯ, ಅವರದು ಮಾತಿನ ಮೇಲಿನದು, ಅದು ಯಂತ್ರದ ಮಾತಾದರೂ. ಈ ವ್ಯತ್ಯಾಸ ನನ್ನ ತಲೆಗೆ ಹೋಗುವಷ್ಟರಲ್ಲಿ ಆಗಬಾರದ್ದೆಲ್ಲ ಆಗಿಹೋಗಿತ್ತು.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಒಂದು ಕಾರು ಕಂಪನಿಯ ಏಜೆನ್ಸಿಯವರ ವರ್ಕ್‌ಶಾಪಿನಲ್ಲಿ ಮ್ಯಾನೇಜರ್ ಆಗಿದ್ದೆ. ಕಾರ್ಬೊರೇಟರ್ ಹೋಗಿ ಇಂಜಿನ್ನಿಗೆ ಕಂಪ್ಯೂಟರ್ ಬಂದ ಕಾಲ. ಡ್ರೈವರ್ ಸೀಟಿನ ಮುಂದೆ, ಕಾಲಿನ ಮೇಲ್ಭಾಗದಲ್ಲಿ ಊಟದ ಡಬ್ಬಿಯಷ್ಟು ದೊಡ್ಡ ಅಲ್ಯುಮಿನಿಯಂ ಪೆಟ್ಟಿಗೆ. ಯಾವಾಗ ಎಷ್ಟು ಪೆಟ್ರೋಲು ಬಿಡಬೇಕು, ಯಾವಾಗ ಕಿಡಿ ಹಾರಿಸಬೇಕು ಎಂದು ತೀರ್ಮಾನಿಸುವುದು ಅದೇ. ನಮ್ಮ ಮೆಕ್ಯಾನಿಕ್ಕುಗಳೆಲ್ಲ ಅದಕ್ಕೆ ಡಬ್ಬಿ ಎಂದೇ ಕರೆಯುತ್ತಿದ್ದರು, ಸ್ವಲ್ಪ ಹೆದರಿಕೆಯಿಂದ. ಡಬ್ಬಿಯ ವೈರು ಬಲ್ಲ ಒಬ್ಬರು ಬೇಕಾಗಿತ್ತು. ಆಗ ಬಂದವರು ಕಾಕಾ.

ಧಾರವಾಡದ ಸಪ್ತಾಪುರದಲ್ಲಿ ಅವರದೊಂದು ರೇಡಿಯೋ, ಟೀವಿ ರಿಪೇರಿ ಅಂಗಡಿ ಇತ್ತಂತೆ. ಐವತ್ತು ದಾಟಿದ್ದ ಬಡಕಲು ಮನುಷ್ಯ. ಹಣೆಯ ಮೇಲೆ ಮೂರು ಬೆರಳು ವಿಭೂತಿ, ಜೇಬಿನಲ್ಲಿ ಕರಿದಾರ ಕಟ್ಟಿದ ಭೂತಗನ್ನಡಿ. ಎಲ್ಲರೂ ಕಾಕಾ ಎಂದರು, ನಾನೂ ಕಾಕಾ ಎಂದೆ. ಸಂದರ್ಶನದಲ್ಲಿ ನಾನು, "ನಮ್ಮ ವರ್ಕ್‌ಶಾಪ್ ಈ ಭಾಗದಾಗ ನಂಬರ್ ಒನ್ ಐತ್ರಿ," ಎಂದೆ. ಕೆಲಸ ಕೇಳಲು ಬಂದ ಆ ಮನುಷ್ಯ ನನ್ನ ಮುಖವನ್ನೇ ನೋಡುತ್ತ, "ಯಾರು ಅಂದ್ರು?" ಎಂದರು. ಸಿಟ್ಟು ಬಂತು. ಆದರೆ ಬೇರೆ ಯಾರೂ ಬಂದಿರಲಿಲ್ಲವಾದ್ದರಿಂದ ತೆಗೆದುಕೊಂಡೆ.

ಅವರ ಕೆಲಸದ ರೀತಿಗೆ ಒಂದು ಉದಾಹರಣೆ ಹೇಳುತ್ತೇನೆ. ಒಬ್ಬ ಮೆಕ್ಯಾನಿಕ್, ಫ್ಯೂಸ್ ಸರಿ ಇದೆ ಎಂದ. ಕಾಕಾ ಆ ಫ್ಯೂಸ್ ಕಿತ್ತು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮೀಟರ್ ಹಚ್ಚಿದರು. ಮೀಟರು ಸರಿ ಇದೆ ಎಂದು ತೋರಿಸಿತು. ಆಗ ಸುಟ್ಟುಹೋದ ಇನ್ನೊಂದು ಫ್ಯೂಸ್ ತಂದು ಅದಕ್ಕೂ ಮೀಟರ್ ಹಚ್ಚಿದರು.

"ಅದು ಸುಟ್ಟದ್ದು ಅಂತ ಗೊತ್ತೈತೆಲ್ರಿ ಕಾಕಾ, ಅದನ್ಯಾಕ ನೋಡಾಕತ್ತೀರಿ?" ಎಂದು ಮೆಕ್ಯಾನಿಕ್ ನಕ್ಕ.

"ಮೀಟರ್ ಎಲ್ಲಾರಿಗೂ ಛಲೋ ಛಲೋ ಅನ್ನಾಕತ್ತಿದ್ರ ಏನ್ ಮಾಡ್ತಿ?" ಎಂದರು.

ಚಹಾ ತಂದವನಿಗೆ ಹಾಲು ಕಾಯಿಸಿದ್ದು ಯಾವಾಗ ಎಂದು ಕೇಳುವರು. ಗೋಡೆಯ ಗಡಿಯಾರ ನೋಡಿದ ಮೇಲೆ ಕೈಗಡಿಯಾರ ನೋಡುವರು. ಒಮ್ಮೆ ಅವರ ಹೆಂಡತಿ ವರ್ಕ್‌ಶಾಪಿಗೆ ಫೋನ್ ಮಾಡಿ, ಊರಿಂದ ಅಣ್ಣ ಬಂದಿದ್ದಾನೆ, ಲಗೂ ಬರಬೇಕಂತೆ ಎಂದು ನನಗೆ ತಿಳಿಸಿದರು. ನಾನು ಹೋಗಿ ಹೇಳಿದರೆ ಕಾಕಾ ಸ್ಪ್ಯಾನರ್ ಕೆಳಗಿಡದೆ, "ದನಿ ಹೆಂಗಿತ್ರಿ?" ಎಂದರು. ನನಗೆ ಎಲ್ಲಿ ತಲೆ ಚಚ್ಚಿಕೊಳ್ಳಲಿ ಎನ್ನಿಸಿತ್ತು.

ಒಬ್ಬರ ಮಾತನ್ನು ಮಾತ್ರ ಅವರು ಅನುಮಾನಿಸುತ್ತಿರಲಿಲ್ಲ. ಗಾಡಿ ಓಡಿಸಿ ತಂದವನ ಮಾತನ್ನು. "ಅಂವಗ ಕಾರಣ ತಿಳದಿರೂದಿಲ್ರಿ, ಆದ್ರ ಆದದ್ದು ತಿಳದಿರತೈತಿ. ಮೊದಲ ಅಂವ ಹೇಳೂದನ್ನ ಬರ್ಕೊಳ್ರಿ," ಎಂದು ನನಗೇ ಪಾಠ ಹೇಳುತ್ತಿದ್ದರು. ನನಗದು ಸೇರುತ್ತಿರಲಿಲ್ಲ. ನಮ್ಮಲ್ಲಿ ಒಂದು ಪದ್ಧತಿ ಇತ್ತು. ಸ್ಕ್ಯಾನರ್ ಎಂಬ ಯಂತ್ರವನ್ನು ಗಾಡಿಗೆ ಸಿಕ್ಕಿಸಿದರೆ, ಡಬ್ಬಿ ತನ್ನಲ್ಲಿ ದಾಖಲಾದ ದೋಷಗಳನ್ನು ಹೇಳುತ್ತದೆ. ಸ್ಕ್ಯಾನರ್ ಹೇಳದ ದೂರನ್ನು ನಾವು ಜಾಬ್ ಕಾರ್ಡಿನಲ್ಲಿ ಬರೆಯುತ್ತಲೇ ಇರಲಿಲ್ಲ. ದೋಷ ಸಿಗದ ದೂರುಗಳು ಹೆಚ್ಚಾದರೆ ಕಂಪನಿಯವರು ತಿಂಗಳ ಕೊನೆಗೆ ಮ್ಯಾನೇಜರನ ಹೆಸರಿನ ಮುಂದೆ ಕೆಂಪು ಗುರುತು ಹಾಕುತ್ತಿದ್ದರು. ಯಾರಿಗೆ ಬೇಕು? "ಸ್ಕ್ಯಾನರ್‌ನ್ಯಾಗ ಏನೂ ಇಲ್ಲ, ಹೋಗಿ ಬಾ," ಎಂದು ಬಾಗಿಲಿನಿಂದಲೇ ಕಳಿಸುವುದು ನಮ್ಮ ರೂಢಿ.

ಕಾಕಾ ಬಂದ ನಾಲ್ಕನೆಯ ವರ್ಷದ ಬೇಸಿಗೆ. ಕೇಶ್ವಾಪುರದ ಒಬ್ಬ ಹತ್ತಿ ವ್ಯಾಪಾರಿಗಳು, ನಾವು ಸಾಹುಕಾರರು ಎನ್ನುತ್ತಿದ್ದೆವು, ಅವರ ಹೊಸ ಕಾರು ಧಾರವಾಡದಿಂದ ಬರುವಾಗ ನವಲೂರಿನ ಹತ್ತಿರ ಇಳಿಜಾರಿನಲ್ಲಿ ರಸ್ತೆ ಬಿಟ್ಟು ಮೋರಿಯ ಕಟ್ಟೆಗೆ ಗುದ್ದಿತು. ಹಿಂದೆ ಕುಳಿತಿದ್ದ ಸಾಹುಕಾರರ ತಾಯಿಯ ಬಲಗೈ ಮುರಿಯಿತು. ಓಡಿಸುತ್ತಿದ್ದವನು ಶಿರಗುಪ್ಪಿಯ ಈ ಡ್ರೈವರ. ಆಗ ಮೂವತ್ತರ ಆಸುಪಾಸಿನವನು, ಅವರಲ್ಲಿ ಆರು ವರ್ಷದಿಂದ ಇದ್ದವನು.

ಅವನ ಹೇಳಿಕೆ ಮೊದಲಿನಿಂದ ಕೊನೆಯವರೆಗೆ ಒಂದೇ. "ಇಳಿಜಾರದಾಗ ಎಕ್ಸಲೇಟರ್ ಮ್ಯಾಲಿಂದ ಕಾಲ ತಗದ್ನಿರಿ. ಗಾಡಿ ತಾನ ಬಂದ್ ಆತು. ಸ್ಟೇರಿಂಗ್ ಕಲ್ಲಾತು. ಮತ್ತ ಚಾಲೂ ಮಾಡಾಕಂತ ಕೀ ಹಿಂದ ತಿರುವಿದ್ನಿ, ಅಷ್ಟರಾಗ ಗುದ್ದಿತು."

ಯಾರು ನಂಬುತ್ತಾರೆ? ಇಳಿಜಾರು ಬಂದರೆ ನ್ಯೂಟ್ರಲ್ ಹಾಕಿ ಕೀ ಬಂದ್ ಮಾಡಿ ಪೆಟ್ರೋಲು ಉಳಿಸುವ ಡ್ರೈವರುಗಳು ಈ ಭಾಗದಲ್ಲಿ ಬೇಕಾದಷ್ಟು ಮಂದಿ. ಉಳಿಸಿದ್ದನ್ನು ಪೈಪು ಹಾಕಿ ಎಳೆದು ಮಾರಿಕೊಳ್ಳುವವರೂ ಇದ್ದರು. ಅಪಘಾತವಾದ ಕಾರಿನ ಕೀ ಬಂದ್ ಆದ ಜಾಗದಲ್ಲೇ ಇತ್ತು. ಇನ್ನೇನು ಬೇಕು? ಸಾಹುಕಾರರು ಅವನನ್ನು ಅದೇ ದಿನ ಕೆಲಸದಿಂದ ತೆಗೆದರು. ಪೊಲೀಸರು ಅಜಾಗರೂಕ ಚಾಲನೆಯ ಕೇಸು ಹಾಕಿ, ಲೈಸೆನ್ಸ್ ಇಟ್ಟುಕೊಂಡು, ಗಾಡಿಯ ಬಗ್ಗೆ ನಮ್ಮ ಅಭಿಪ್ರಾಯ ಕೇಳಿದರು. ನಾನು ಸ್ಕ್ಯಾನರ್ ಸಿಕ್ಕಿಸಿದೆ. ಡಬ್ಬಿ ಏನೂ ಹೇಳಲಿಲ್ಲ. ಎರಡು ಸಾಲು ಬರೆದು ಸಹಿ ಮಾಡಿದೆ. ವಾಹನದಲ್ಲಿ ದೋಷವಿಲ್ಲ. ಹಿಂದೆ ಇಂಥ ದೂರು ದಾಖಲಾಗಿಲ್ಲ.

ಆ ಕಾಗದ ಹೋದ ಮೇಲೆ ಡ್ರೈವರ ಊರಲ್ಲಿ ಪೆಟ್ರೋಲು ಕಳ್ಳನಾದ. ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ. ನಮ್ಮ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದ. ನಾನು ಕಾಣದವನಂತೆ ಸ್ಕೂಟರ್ ಒಳಗೆ ತರುತ್ತಿದ್ದೆ. ಕಾಕಾ ಮಾತ್ರ ಮಧ್ಯಾಹ್ನ ಹೊರಗೆ ಹೋಗಿ ಅವನೊಡನೆ ರೊಟ್ಟಿ ಗಂಟು ಬಿಚ್ಚಿ ಕೂರುತ್ತಿದ್ದರು. ಪ್ರಶ್ನೆಯ ಮೇಲೆ ಪ್ರಶ್ನೆ. ಎಸಿ ಹಚ್ಚಿದ್ದೆಯಾ? ಎಷ್ಟು ಹೊತ್ತಿನಿಂದ? ಗಾಡಿ ಎಷ್ಟು ಕಾಯ್ದಿತ್ತು? ಕಾಲು ಪೂರ್ತಿ ತೆಗೆದೆಯಾ, ಸ್ವಲ್ಪ ಒತ್ತಿದ್ದೆಯಾ? ಅವನು ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಆ ವಾರವೇ ನಮ್ಮ ಸ್ಟೋರಿನಿಂದ ಒಂದು ಹಳೆಯ ಡಬ್ಬಿ ಕಾಣೆಯಾಯಿತು. ಅದೇ ಮಾದರಿಯ ಬೇರೆ ಕಾರಿನಿಂದ ವಾರಂಟಿಯಲ್ಲಿ ಬಿಚ್ಚಿದ್ದು, ಕಂಪನಿಗೆ ವಾಪಸು ಹೋಗಬೇಕಾದದ್ದು. ಕಾಕಾನ ಮೇಲೆ ನನ್ನ ಕಣ್ಣು ಬಿತ್ತು. ಬೇರೆ ಕಂಪನಿಯವರಿಗೆ ಮಾರುತ್ತಿದ್ದಾರೆಯೇ? ಕಿಲೋಮೀಟರ್ ತಿದ್ದುವ ದಂಧೆಯೇ? ಸಾಲದ್ದಕ್ಕೆ ಸಪ್ತಾಪುರದಿಂದ ಬರುವ ನಮ್ಮ ಸ್ಟೋರ್ ಕೀಪರ್ ಒಂದು ದಿನ ನನ್ನ ಕಿವಿಯ ಹತ್ತಿರ ಬಂದು, "ಸರ್, ಕಾಕಾನ ಮನ್ಯಾಗ ಓಸಿ ಬರ್ಯಾಕತ್ತಾರಂತ. ಓಣ್ಯಾಗೆಲ್ಲಾ ಸುದ್ದಿ ಐತಿ. ಗಂಡ ಹೆಂಡ್ತಿ ಕೂಡಿ ನಂಬರ್ ಓದ್ತಾರಂತ," ಎಂದ. ಓಸಿ ಎಂದರೆ ಮಟಕಾ, ಅಂಕಿಯ ಜೂಜು. ವಿಭೂತಿ ಹಚ್ಚಿದ ಮನುಷ್ಯ ಮಟಕಾ ಬುಕ್ಕಿಯೇ! ನನಗೆ ಒಂದು ಕಡೆ ಆಘಾತ, ಇನ್ನೊಂದು ಕಡೆ, ಸುಳ್ಳು ಯಾಕೆ ಹೇಳಲಿ, ಖುಷಿ.

ಮರುದಿನ ಸಂಜೆ ಅವರು ಹತ್ತಿದ ಬಸ್ಸಿನ ಹಿಂದೆ ಸ್ಕೂಟರ್ ಬಿಟ್ಟುಕೊಂಡು ಧಾರವಾಡಕ್ಕೆ ಹೋದೆ. ಸಪ್ತಾಪುರದ ಒಂದು ಓಣಿ, ವಿದ್ಯಾರ್ಥಿಗಳ ಬಾಡಿಗೆ ಕೋಣೆಗಳ ನಡುವೆ ಎರಡು ಕೋಣೆಯ ಹಂಚಿನ ಮನೆ. ಬಾಗಿಲು ತೆರೆದೇ ಇತ್ತು. ಒಳಗಿಂದ ಹೆಂಗಸಿನ ದನಿ. "ಮೂರು ಸೀ, ಮೂರು ಏ, ಮೂರು ಎಂಟು..." ಗಂಡಸಿನ ದನಿ, "ಹಾಂ, ಮುಂದ." ಸರಿ, ಸಿಕ್ಕಿಬಿದ್ದ ಎಂದುಕೊಂಡು ನೇರ ಒಳಗೆ ನುಗ್ಗಿದೆ.

ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಬಟ್ಟೆ ಒಣಗಿಸುವ ಹಗ್ಗ. ಅದರ ಮೇಲೆ ಕಂಪ್ಯೂಟರ್ ಪ್ರಿಂಟರಿನ ಉದ್ದನೆಯ ಕಾಗದ, ತೂತಿನ ಅಂಚಿನದು, ಸೀರೆಯಂತೆ ಇಳಿಬಿಟ್ಟಿತ್ತು. ತುಂಬ ಅಂಕಿ ಮತ್ತು ಅಕ್ಷರ. ಕಾಕಾನ ಹೆಂಡತಿ ಸೊಪ್ಪು ಸೋಸುತ್ತಲೇ ಅದನ್ನು ಓದುತ್ತಿದ್ದರು, ಕಾಕಾ ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಿದ್ದರು. ನನ್ನನ್ನು ನೋಡಿ ಕಾಕಾ ಗಾಬರಿಯಾಗಲಿಲ್ಲ.

"ಬರ್ರಿ ಸಾಹೇಬ್ರ. ಬಸ್ಸಿನ ಹಿಂದ ನಿಮ್ಮ ಸ್ಕೂಟರ್ ನೋಡಿದ್ನಿ. ನೀರು ಕುಡೀರಿ."

"ಇದೇನ್ರಿ ಇದು? ಓಸಿ ಏನ್ರಿ?"

ಅವರ ಹೆಂಡತಿ ಸೊಪ್ಪು ಕೆಳಗಿಟ್ಟು, "ಓಣ್ಯಾಗಿನ ಮಂದೀನೂ ಹಂಗ ಅಂತೈತ್ರಿ. ನಿನ್ನಿ ಒಬ್ಬಾಂವ ಬಂದು, ಅವ್ವಾರ, ನಾಳಿ ಯಾವ ನಂಬರ್ ಬರತೈತಿ ಹೇಳ್ರಿ ಅಂತ ಕೇಳಿದ," ಎಂದು ನಗುತ್ತ ಒಳಗೆ ಹೋದರು.

ಕಾಕಾ ನನ್ನನ್ನು ಅಡುಗೆಮನೆಗೆ ಕರೆದೊಯ್ದರು. ಕಾಣೆಯಾದ ಡಬ್ಬಿ ಅಲ್ಲಿತ್ತು, ಮುಚ್ಚಳ ತೆಗೆದು, ಒಂದು ಬ್ಯಾಟರಿಗೆ ಜೋಡಿಸಿ. ಇಂಜಿನ್ ತಿರುಗುತ್ತಿದೆ ಎಂದು ಡಬ್ಬಿಯನ್ನು ನಂಬಿಸಲು ಒಂದು ಡ್ರಿಲ್ ಮಶೀನಿಗೆ ಹಲ್ಲಿನ ಚಕ್ರ ಸಿಕ್ಕಿಸಿದ್ದರು. ಇಂಜಿನ್ ಕಾಯ್ದಿದೆ ಎಂದು ನಂಬಿಸಲು ಉಷ್ಣತೆ ಅಳೆಯುವ ಸೆನ್ಸರನ್ನು ಒಲೆಯ ಮೇಲಿನ ಪಾತ್ರೆಯ ನೀರಿನಲ್ಲಿ ಮುಳುಗಿಸಿದ್ದರು. ಡಬ್ಬಿಯೊಳಗಿನ ಒಂದು ಚಿಪ್‌ನಲ್ಲಿ ಕಂಪನಿಯವರು ಬರೆದ ಲೆಕ್ಕವೆಲ್ಲ ಇರುತ್ತದಂತೆ. ಆ ಚಿಪ್ ಬಿಡಿಸಿ, ಕಾಲೇಜು ಹುಡುಗರ ಕಂಪ್ಯೂಟರಿಗೆ ಹಚ್ಚಿ ಅದರಲ್ಲಿದ್ದದ್ದನ್ನೆಲ್ಲ ಕಾಗದಕ್ಕೆ ಇಳಿಸಿದ್ದರು. ಆ ಹಗ್ಗದ ಮೇಲಿನ ಕಾಗದ ಅದೇ. ಡಬ್ಬಿ ಯಾವ ಹೊತ್ತಿನಲ್ಲಿ ಚಿಪ್‌ನ ಯಾವ ಮನೆಯನ್ನು ಓದುತ್ತದೆ ಎಂದು ತೋರಿಸಲು ತಾವೇ ಕಟ್ಟಿದ ಒಂದು ಹಲಗೆ, ಅದರ ಮೇಲೆ ಸಾಲಾಗಿ ಸಣ್ಣ ಕೆಂಪು ದೀಪ.

"ನೀರ ಕುದಿಯೂತನಕ ತಡೀರಿ," ಎಂದರು. ನೀರು ಕುದಿಯಿತು. ಕಾಲು ತೆಗೆದಂತೆ ಒಂದು ಗುಂಡಿ ತಿರುಗಿಸಿದರು. ದೀಪಗಳು ಬದಲಾದವು. "ನೋಡ್ರಿಲ್ಲೆ. ಇಳಿಜಾರದಾಗ ಕಾಲ ತಗದ್ರ ಡಬ್ಬಿ ಪೆಟ್ರೋಲ್ ನಿಲ್ಲಸ್ತೈತಿ, ಉಳಿತಾಯಕ್ಕ. ಇಂಜಿನ್ ಸ್ವಲ್ಪ ಮೆತ್ತಗಾದ ಕೂಡ್ಲೆ ಮತ್ತ ಬಿಡಬೇಕು. ಇಂಜಿನ್ನಿನ ವೇಗ ಎಷ್ಟಕ್ಕ ಇಳದಾಗ ಬಿಡಬೇಕಂತ ಒಂದ ಸಾಲ ಅಂಕಿ ಐತಿ, ಒಂದೊಂದು ಕಾವಿಗೆ ಒಂದೊಂದು. ಎಲ್ಲಾ ಕಡೆ ಮೂವತ್ತೆಂಟರ ಆಜೂಬಾಜೂ ಐತಿ. ಭಾಳ ಕಾಯ್ದಾಗ ಓದೂ ಕಡೀ ಮನ್ಯಾಗ ಮಾತ್ರ ಹದಿನೆಂಟ ಐತಿ. ಅಂದ್ರ ಪೆಟ್ರೋಲ್ ಬಿಡೂದ್ರಾಗ ಇಂಜಿನ್ ಸತ್ತಿರತೈತಿ. ಬರಿಯೂವಾಗ ಯಾರೋ ಕೈ ತಪ್ಪ್ಯಾರ."

"ಹಂಗಾದ್ರ ಸ್ಕ್ಯಾನರ್‌ನ್ಯಾಗ ಯಾಕ ಬರಂಗಿಲ್ಲ?"

"ತಾ ಮಾಡಿದ್ದನ್ನ ತಾನ ತಪ್ಪು ಅಂತ ಡಬ್ಬಿ ಯಾಕ ಹೇಳತೈತ್ರಿ? ಅದಕ್ಕ ಬರದ ಕೊಟ್ಟಂಗ ಅದು ಮಾಡೈತಿ."

ನಾನು ನಂಬಲಿಲ್ಲ. ಕುದಿಯುವ ನೀರು, ಡ್ರಿಲ್ ಮಶೀನು, ಸೊಪ್ಪು ಸೋಸುವ ಹೆಂಗಸು, ಇದು ಕಂಪನಿಯ ಇಂಜಿನಿಯರುಗಳ ತಪ್ಪು ಹಿಡಿಯುವ ರೀತಿಯೇ? ಇಲ್ಲದ ಕಥೆ ಕಟ್ಟಿ ಕಳವನ್ನು ಮುಚ್ಚುತ್ತಿದ್ದಾರೆ ಎನ್ನಿಸಿತು. ಚಿಪ್ಪನ್ನೂ ಡಬ್ಬಿಯನ್ನೂ ಅಲ್ಲೇ ಕೇಳಿ ಇಸಿದುಕೊಂಡೆ. ಕಂಪನಿಯ ಇಂಜಿನಿಯರ್ ಬಂದಾಗ ಅವರ ಮುಂದೆ ತೋರಿಸುವಿರಂತೆ ಎಂದೆ. ಕಾಕಾ ಬ್ಯಾಟರಿಯ ವೈರು ಕಿತ್ತು ಡಬ್ಬಿಯಿಂದ ಚಿಪ್ಪನ್ನು ಬಿಡಿಸಿದರು. ಅದನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಕೈಗೆ ಕೊಟ್ಟರು.

ಮರುದಿನ ನನ್ನ ಕ್ಯಾಬಿನ್ನಿನಲ್ಲಿ ಆ ಚಿಪ್ಪನ್ನು ತಿರುಗಿಸಿ ನೋಡಿದೆ. ಜರಿಹುಳದಂತೆ ಎರಡೂ ಕಡೆ ಕಾಲು. ಬೆನ್ನ ಮೇಲೆ ಒಂದು ಕಾಗದದ ಚೀಟಿ ಅಂಟಿಸಿತ್ತು. ಅದರ ಕೆಳಗೆ ಕಂಪನಿಯ ನಂಬರ್ ಮುಚ್ಚಿಟ್ಟಿದ್ದಾರೆ ಎಂಬ ಅನುಮಾನ ನನಗೆ. ಉಗುರಿನಿಂದ ಕಿತ್ತೆ. ಕೆಳಗೆ ನಂಬರ್ ಇರಲಿಲ್ಲ, ಒಂದು ಪುಟ್ಟ ಗಾಜಿನ ಕಿಟಕಿ ಇತ್ತು, ಒಳಗೆ ಏನೋ ಹೊಳೆಯುತ್ತಿತ್ತು. ಚೆನ್ನಾಗಿದೆಯಲ್ಲ ಎಂದುಕೊಂಡು, ಬಂದುಹೋಗುವವರೆಲ್ಲ ಕಳವಿನ ಮಾಲು ನೋಡಲಿ ಎಂದು ಒಂದು ತಟ್ಟೆಯಲ್ಲಿ ಹಾಕಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. ಪಶ್ಚಿಮದ ಕಿಟಕಿ, ಬರೀ ಸರಳು, ಗಾಜಿಲ್ಲ. ಮೇ ತಿಂಗಳ ಬಿಸಿಲು. ಕಂಪನಿಯ ಇಂಜಿನಿಯರ್ ಬರಲು ಎರಡು ವಾರದ ಮೇಲೆ ಹಿಡಿಯಿತು.

ಅವರು ಬಂದ ದಿನ ಕಾಕಾ ಹೊಸದಾಗಿ ಒಗೆದ ಅಂಗಿ ಹಾಕಿಕೊಂಡು, ಕಂಪ್ಯೂಟರ್ ಇದ್ದ ಒಬ್ಬ ವಿದ್ಯಾರ್ಥಿಯನ್ನೂ ಕರೆದುಕೊಂಡು ಬಂದರು. ಡ್ರೈವರ ಬಾಗಿಲ ಹೊರಗೆ ಕೈಕಟ್ಟಿ ನಿಂತಿದ್ದ. ಅವನ ಕೇಸಿನ ತಾರೀಕು ಹತ್ತಿರ ಬಂದಿತ್ತು, ಇದೊಂದೇ ಅವನಿಗೆ ಉಳಿದ ದಾರಿ. ಚಿಪ್ಪನ್ನು ಹಚ್ಚಿ ಓದಿದರು. ಆ ಕೊನೆಯ ಮನೆಯಲ್ಲಿ ಹದಿನೆಂಟೂ ಇಲ್ಲ, ಮೂವತ್ತೆಂಟೂ ಇಲ್ಲ. ಇನ್ನೊಮ್ಮೆ ಓದಿದರು, ಬೇರೆ ಅಂಕಿ ಬಂತು. ಮೂರನೆಯ ಸಲ ಮತ್ತೆ ಬೇರೆ. ಕಂಪನಿಯವರು ಜೋರಾಗಿ ನಕ್ಕರು. ಕಾಕಾ ಪ್ರಿಂಟರಿನ ಕಾಗದ ಮುಂದೆ ಹಿಡಿದರು. ಕಾಗದದಲ್ಲಿ ಯಾರು ಏನು ಬೇಕಾದರೂ ಟೈಪ್ ಮಾಡಬಹುದು ಎಂದು ಅವರು ಅದನ್ನು ಮುಟ್ಟಲೂ ಇಲ್ಲ.

ಕಾಕಾ ಚಿಪ್ಪನ್ನು ಎತ್ತಿ ಅದರ ಬೆನ್ನು ನೋಡಿದರು. ಆಮೇಲೆ ನನ್ನ ಕಿಟಕಿಯ ಕಟ್ಟೆಯನ್ನೂ ಅಲ್ಲಿದ್ದ ತಟ್ಟೆಯನ್ನೂ ನೋಡಿದರು.

"ಚೀಟಿ ಯಾರು ಕಿತ್ತಾರ್ರಿ?"

"ನಾನ," ಎಂದೆ.

"ಎಷ್ಟ ದಿವಸ ಬಿಸಲಾಗ ಇತ್ರಿ?"

ನಾನು ಹೇಳಿದೆ. ಕಂಪನಿಯವರಿಗೂ ವಿಷಯ ಹೊಳೆದಿರಬೇಕು, ಅವರ ನಗು ನಿಂತಿತು, ಆದರೆ ಬಾಯಿ ಬಿಡಲಿಲ್ಲ. ನನಗೆ ಮಾತ್ರ ಗೊತ್ತಿರಲಿಲ್ಲ. ಆ ಗಾಜಿನ ಕಿಟಕಿ ಇರುವುದೇ ಬೆಳಕಿನಿಂದ ಅಳಿಸುವುದಕ್ಕಂತೆ. ಬಿಸಿಲು ತಗಲಬಾರದೆಂದೇ ಅದರ ಮೇಲೆ ಚೀಟಿ ಅಂಟಿಸುವುದಂತೆ. ಆ ಕಸುಬಿನವರಿಗೆ ಅದು ಹಾಲು ಮುಚ್ಚಿಡುವಷ್ಟು ಸಹಜವಾದ ಮಾತು. ಕಾಕಾ ನನಗೆ ಅದನ್ನು ಹೇಳಿರಲಿಲ್ಲ, ನಾನು ಅವರನ್ನು ಕೇಳಿರಲಿಲ್ಲ.

"ಇನ್ನೊಂದು ಗಾಡಿ ಡಬ್ಬಿ ಬಿಚ್ಚಿ ಓದೂಣ್ರಿ," ಎಂದು ಕಾಕಾ ಕೇಳಿದರು. ಕಂಪನಿಯವರು ಆಗುವುದಿಲ್ಲ ಎಂದರು. ಸಾಹುಕಾರರ ಗಾಡಿಯನ್ನೇ ಇಳಿಜಾರಿಗೆ ಒಯ್ಯೋಣ ಎಂದರು ಕಾಕಾ. ಅದಕ್ಕೂ ಇಲ್ಲ. ವಾರಂಟಿಯ ಡಬ್ಬಿ ಒಯ್ದ ಕಾರಣ ಕೊಟ್ಟು ಕಾಕಾನನ್ನು ಅದೇ ಸಂಜೆ ಕೆಲಸದಿಂದ ತೆಗೆದೆವು. ಪತ್ರಕ್ಕೆ ಸಹಿ ಹಾಕಿದವನು ನಾನು. ಕಾಕಾ ಭೂತಗನ್ನಡಿ ಹಿಡಿದು ಅದನ್ನು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟುಕೊಂಡು, ಗೇಟಿನ ಹತ್ತಿರ ಡ್ರೈವರನ ಭುಜದ ಮೇಲೆ ಕೈ ಹಾಕಿ ನಡೆದುಹೋದರು. ಮಂದಿ ಮಾತಾಡಿಕೊಂಡಿದ್ದು ಬೇರೆ. ಮ್ಯಾನೇಜರ್ ಕಂಪನಿಯನ್ನು ಉಳಿಸಲು ಬೇಕೆಂದೇ ಅಳಿಸಿದ ಎಂದರು. ಅಲ್ಲಪ್ಪಾ ಎಂದರೆ ಕೇಳುವವರಾರು? ಸಂಶಯ ಪಡುವುದಷ್ಟೇ ಗೊತ್ತಿದ್ದ ನನಗೆ ಸಂಶಯಕ್ಕೆ ಗುರಿಯಾಗುವುದು ಹೇಗಿರುತ್ತದೆ ಎಂದು ಆಗ ತಿಳಿಯಿತು. ಬಹಳ ಕೆಟ್ಟದಾಗಿರುತ್ತದೆ.

ದೀಪಾವಳಿಯ ಹೊತ್ತಿಗೆ ಕಂಪನಿಯಿಂದ ಒಂದು ಸುತ್ತೋಲೆ ಬಂತು. ಆ ಮಾದರಿಯ ಎಲ್ಲ ಗಾಡಿಗಳ ಡಬ್ಬಿಯನ್ನು ಬದಲಿಸಿ, ಹಳೆಯವನ್ನು ವಾಪಸು ಕಳಿಸಿ, ಗ್ರಾಹಕರು ಕೇಳಿದರೆ ಇಂಜಿನ್ನಿನ ಓಟ ಇನ್ನಷ್ಟು ನಯವಾಗಲೆಂದು ಎಂದು ಹೇಳಿ. ಅದನ್ನು ಎರಡು ಸಲ ಓದಿದೆ. ನಯವಾಗಿ ಓಡುವ ಗಾಡಿಗೆ ಯಾರಾದರೂ ಇಷ್ಟೊಂದು ಡಬ್ಬಿ ಪುಕ್ಕಟೆ ಹಂಚುತ್ತಾರೆಯೇ? ಸಾಹುಕಾರರ ಗಾಡಿಯಿಂದ ಬಿಚ್ಚಿದ ಹಳೆಯ ಡಬ್ಬಿ ಒಂದು, ಹೊಸದು ಒಂದು, ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಸಪ್ತಾಪುರಕ್ಕೆ ಹೋದೆ. ಕಾಕಾ ವಾರಂಟಿಯ ಒಂದು ಡಬ್ಬಿ ಒಯ್ದಿದ್ದರು, ನಾನು ಎರಡು ಒಯ್ದಿದ್ದೆ.

ಕಾಕಾ ಚೀಲ ತೆಗೆದುಕೊಂಡರು. ಎರಡೂ ಚಿಪ್ ಓದಿ, ಎರಡೂ ಕಾಗದ ಹಗ್ಗಕ್ಕೆ ಹಾಕಿದರು. ಅವರ ಹೆಂಡತಿ ಒಂದನ್ನು ಓದಿದರು, ಇನ್ನೊಂದನ್ನು ಓದುವ ಕೆಲಸ ನನಗೆ ಬಂತು. ಎರಡು ಸಂಜೆ ಹಿಡಿಯಿತು. ಗಂಟಲು ಒಣಗಿತು. ಎಲ್ಲ ಒಂದೇ, ಅಕ್ಷರಕ್ಕೆ ಅಕ್ಷರ. ಆ ಸಾಲಿಗೆ ಬಂದೆವು. "ಹದಿನೆಂಟು," ಎಂದರು ಅವರು. "ಮೂವತ್ತೆಂಟು," ಎಂದೆ ನಾನು. ಕಾಕಾ ಎರಡೂ ಅಂಕಿಗೆ ಸುತ್ತು ಹಾಕಿದರು. ಕೊನೆಯಲ್ಲಿ ಒಟ್ಟು ತಾಳೆ ನೋಡುವ ಅಂಕಿ ಬಿಟ್ಟರೆ ಬೇರೆ ಯಾವ ವ್ಯತ್ಯಾಸವೂ ಇರಲಿಲ್ಲ.

"ಕಾಕಾ," ಎಂದೆ, "ಆ ಚಿಪ್ ನಾ ಬೇಕಂತ ಬಿಸಲಾಗ ಇಟ್ಟದ್ದಲ್ರಿ."

"ಗೊತ್ತೈತಿ."

ಹೋದ ಜೀವ ಬಂದಂತಾಯಿತು. "ಹೆಂಗ ಗೊತ್ತಾತ್ರಿ?"

"ಬೇಕಂತ ಅಳಸಾಕ ಅದರ ಬಗ್ಗೆ ಒಂದೀಟರ ತಿಳದಿರಬೇಕಲ್ರಿ," ಎಂದರು. ಅವರ ಹೆಂಡತಿ ಕಿಸಕ್ಕೆಂದು ನಕ್ಕು ಸೆರಗು ಬಾಯಿಗೆ ಹಿಡಿದರು. ನಾನೂ ನಗಲು ಹೊರಟೆ. ಕಾಕಾ ನಗಲಿಲ್ಲ.

"ಚಿಪ್ಪಿನ ಮಾತ ಬಿಡ್ರಿ. ಅದು ತಿಳೀದ ಆದದ್ದು. ಪೊಲೀಸರಿಗೆ ಬರದ ಕಾಗದದಾಗ ಎರಡನೇ ಸಾಲ ಬರದ್ರಲ್ಲ, ಹಿಂದ ಇಂಥಾ ದೂರು ದಾಖಲಾಗಿಲ್ಲ ಅಂತ. ಅದನ್ನ ತಿಳದ ಬರದ್ರಿ. ಆ ಹುಡುಗ ಅಪಘಾತಕ್ಕಿಂತ ಮೊದಲ ಎರಡ ಸಲ ನಿಮ್ಮ ಕ್ಯಾಬಿನ್ ಮುಂದ ಬಂದು ನಿಂತಿದ್ದ. ಇಳಿಜಾರದಾಗ ಗಾಡಿ ಬಂದ್ ಆಗತೈತ್ರಿ ಅಂದ. ಎರಡೂ ಸಲ ಕಾರ್ಡ್ ಬರೀದ ಕಳಿಸಿದ್ರಿ. ನಾ ಬಾಜೂಕ ಇದ್ನಿ."

ಖರೆ. ಎರಡು ಸಲ ಬಂದಿದ್ದ. ನಾನು ಬರೆದ ಎರಡನೆಯ ಸಾಲಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ದೂರು ದಾಖಲಾಗಿರಲಿಲ್ಲ, ಯಾಕೆಂದರೆ ದಾಖಲಿಸಬೇಕಾದವನು ನಾನೇ. ಇಷ್ಟು ದಿನ ಡ್ರೈವರನ ಮೇಲೆ, ಕಾಕಾನ ಮೇಲೆ, ಅವರ ಹೆಂಡತಿಯ ಮೇಲೆ, ಕೊನೆಗೆ ಕಂಪನಿಯ ಮೇಲೆ ಸಂಶಯಪಟ್ಟಿದ್ದೆ. ಒಬ್ಬನನ್ನು ಮಾತ್ರ ಬಿಟ್ಟಿದ್ದೆ. ನಾಚಿಕೆಯಾಯಿತು. ಅವರ ಹೆಂಡತಿ ಕೊಟ್ಟ ಚಹಾವನ್ನು ಕೆಳಗಿಟ್ಟೆ.

"ಈಗ ಏನ್ ಮಾಡ್ಲಿ ಹೇಳ್ರಿ ಕಾಕಾ."

"ನಾ ಯಾರ್ರಿ ಹೇಳಾಕ," ಎಂದರು. ಆದರೆ ನೋಟ್‌ಬುಕ್ಕಿನಿಂದ ಒಂದು ಖಾಲಿ ಹಾಳೆ ಹರಿದು ನನ್ನ ಮುಂದೆ ಸರಿಸಿದರು.

ಬರೆದೆ. ಅವನು ಬಂದ ಎರಡು ಸಲದ ಮಾತು, ನಾನು ಬರೆಯದೆ ಕಳಿಸಿದ್ದು, ಸುತ್ತೋಲೆ ಬಂದದ್ದು, ಎರಡು ಚಿಪ್‌ಗಳ ನಡುವಿನ ಆ ಒಂದು ಅಂಕಿ. ಅದನ್ನು ಪೊಲೀಸರಿಗೆ ಕೊಟ್ಟರೆ ಕೆಲಸಕ್ಕೆ ಕುತ್ತು ಎಂದು ಗೊತ್ತಿದ್ದೂ ಕೊಟ್ಟೆ. ಕುತ್ತು ಬಂತು ಕೂಡ, ಮ್ಯಾನೇಜರಿಕೆ ಹೋಗಿ ಸ್ಟೋರಿಗೆ ಹಾಕಿದರು, ನಿವೃತ್ತಿಯಾಗುವವರೆಗೆ ಅಲ್ಲೇ ನಟ್ಟು ಬೋಲ್ಟು ಕೊಡುತ್ತ ಕೂತೆ. ಕಾಕಾನನ್ನು ವಾಪಸು ಕರೆಯಲು ನನಗೆ ಅಧಿಕಾರ ಉಳಿಯಲಿಲ್ಲ. ಕರೆದಿದ್ದರೂ ಅವರು ಬರುತ್ತಿರಲಿಲ್ಲ. ಅದೇ ಎರಡು ಕೋಣೆಯಲ್ಲಿ ಡಬ್ಬಿ ರಿಪೇರಿ ಶುರುಮಾಡಿದರು. ಬೆಳಗಾವಿ, ಹಾವೇರಿ ಕಡೆಯ ಗ್ಯಾರೇಜಿನವರು ಬಸ್ಸಿನಲ್ಲಿ ಡಬ್ಬಿ ಕಳಿಸುತ್ತಿದ್ದರು. ಪ್ರತಿ ಡಬ್ಬಿಯ ಜೊತೆ ಡ್ರೈವರನ ಮಾತನ್ನು ಅವನ ಮಾತಿನಲ್ಲೇ ಬರೆದು ಕಳಿಸಬೇಕು, ಇಲ್ಲದಿದ್ದರೆ ಮುಟ್ಟುವುದಿಲ್ಲ ಎಂಬುದು ಅವರ ಷರತ್ತು.

ತಾರೀಕಿನ ಮೇಲೆ ತಾರೀಕು ಬಿದ್ದಿದ್ದ ಕೇಸು ಕೊನೆಗೆ ಧಾರವಾಡದ ಕೋರ್ಟಿನಲ್ಲಿ ನಡೆಯಿತು. ನಾನು ಕಟಕಟೆಯಲ್ಲಿ ನಿಂತು ಆ ಹಾಳೆಯಲ್ಲಿ ಬರೆದದ್ದನ್ನೆಲ್ಲ ಬಾಯಿಬಿಟ್ಟು ಹೇಳಿದೆ. ಅಂದೇಕೆ ಬರೆಯಲಿಲ್ಲ ಎಂದು ನ್ಯಾಯಾಧೀಶರು ಕೇಳಿದರು. ಕೆಂಪು ಗುರುತಿಗೆ ಹೆದರಿ ಎಂದೆ. ಹಿಂದೆ ಯಾರೋ ಕಿಸಕ್ಕೆಂದರು. ಡ್ರೈವರ ಬಿಡುಗಡೆಯಾದ. ಲೈಸೆನ್ಸ್ ಕೈಗೆ ಬಂತು.

ಹೊರಗೆ ಬೇವಿನ ಮರದ ಕೆಳಗೆ ನಾವು ಮೂವರು ನಿಂತಿದ್ದೆವು, ಕಾಕಾ, ಅವನು, ನಾನು. ಅವನು ನನಗೆ ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವನು ಲೈಸೆನ್ಸನ್ನು ಅಂಗಿಯ ಜೇಬಿನಲ್ಲಿಟ್ಟು ಮೇಲಿಂದ ಕೈ ಒತ್ತಿ ಹಿಡಿದುಕೊಂಡು, "ಸಾಹೇಬ್ರ, ನಾ ಮೊದಲನೇ ಸಲ ಬಂದಾಗ ನೀವು ಇದನ್ನ ಬರ್ಕೊಂಡಿದ್ರ ಏನಾಗ್ತಿತ್ರಿ?" ಎಂದು ಕೇಳಿದ.

"ಕಂಪನಿಗೆ ಗೊತ್ತಾಗ್ತಿತ್ತು. ಡಬ್ಬಿ ಬದಲಿ ಆಗ್ತಿತ್ತು. ನಿನ್ನ ಕೆಲಸ ಉಳೀತಿತ್ತು, ತಮ್ಮಾ," ಎಂದೆ.

"ನನ್ನ ಕೆಲಸದ ಮಾತ ಬಿಡ್ರಿ, ಎಲ್ಯಾರ ದುಡದ ತಿಂತೇನಿ," ಎಂದ ಅವನು. "ಸಾಹುಕಾರ್ರ ಅವ್ವಾರ ಕೈ ಉಳೀತಿತ್ತಲ್ರಿ. ಅಷ್ಟ ದೊಡ್ಡ ಮನ್ಯಾಗ ಈ ಡ್ರೈವರಗ ಬಿಸಿ ರೊಟ್ಟಿ ಬಡದ ಹಾಕಾವರು ಅವರೊಬ್ಬರ ಇದ್ರು. ಈಗ ಅವರ ಕೈಲೆ ರೊಟ್ಟಿ ಬಡ್ಯಾಕ ಆಗಂಗಿಲ್ಲಂತ್ರಿ."